ಪೆಟ್ರೋಲ್ ಎಂಜಿನ್ ಇಳಿಸಿ ವಿದ್ಯುತ್ ಮೋಟರ್ ಕೂರಿಸುವ ಮುನ್ನ

ವಿಹಾರಕ್ಕೆಂದು ಸಣ್ಣ ದೋಣಿ ಇಟ್ಟುಕೊಂಡವರನ್ನು ಈಗ ಒಂದು ಪ್ರಶ್ನೆ ಕಾಡುತ್ತಿದೆ: ಹಿಂಬದಿಗೆ ತೂಗುಹಾಕಿರುವ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ತೆಗೆದು ವಿದ್ಯುತ್ ಮೋಟರ್ ಹಾಕಿದರೆ ಸಾಕಾಗುತ್ತದೆಯೇ? ನಿಧಾನಕ್ಕೆ ಸಾಗುವ ದೋಣಿಗೆ ಖಂಡಿತ ಸಾಕು. ನೀರಿನ ಮೇಲ್ಮೈಯಲ್ಲಿ ಜಾರುತ್ತಾ ಓಡುವ ವೇಗದ ದೋಣಿಗೆ ಸದ್ಯಕ್ಕೆ ಸಾಲದು. ನಿಮ್ಮ ದೋಣಿ ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಅಂಗಡಿಗೆ ಕಾಲಿಡುವ ಮೊದಲೇ ಪೆನ್ನು ಹಿಡಿದು ಲೆಕ್ಕ ಹಾಕಿಬಿಡಬಹುದು.

ಇದು ಹೊಸ ಹುಚ್ಚೇನಲ್ಲ. ಗುಸ್ತಾವ್ ಟ್ರೂವೆ ಎಂಬವರು 1881ರಲ್ಲೇ ಪ್ಯಾರಿಸ್‌ನ ಸೇನ್ ನದಿಯಲ್ಲಿ, ಚುಕ್ಕಾಣಿಯ ಜೊತೆ ಕಳಚಿ ಎತ್ತಿಕೊಳ್ಳಬಹುದಾದ ವಿದ್ಯುತ್ ಮೋಟರ್ ಕಟ್ಟಿ ದೋಣಿ ನಡೆಸಿದ್ದರು. ಓಲೆ ಎವಿನ್‌ರೂಡ್ ಪೆಟ್ರೋಲ್ ಔಟ್‌ಬೋರ್ಡ್ ತಂದದ್ದು ಆಮೇಲೆ, 1909ರಲ್ಲಿ. ಅದೇ 1909ರಿಂದ ಜರ್ಮನಿಯ ಕೋನಿಗ್ಸ್‌ಸೇ ಸರೋವರದಲ್ಲಿ ಪ್ರಯಾಣಿಕರ ದೋಣಿಗಳು ಬ್ಯಾಟರಿಯಲ್ಲೇ ಓಡುತ್ತಿವೆ. ಮೊದಲಿನಿಂದಲೂ ಕೈ ಕಟ್ಟಿಹಾಕಿದ್ದು ಬ್ಯಾಟರಿಯ ಭಾರ. ಹಾಗಾಗಿ ನಮ್ಮ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಪೆಟ್ರೋಲ್ ಅಳೆಯಿರಿ

ಮುಂದಿನ ನಾಲ್ಕೈದು ಸಲ ನೀರಿಗಿಳಿಯುವಾಗ ಟ್ಯಾಂಕ್ ಪೂರ್ತಿ ತುಂಬಿಸಿ ಹೊರಡಿ. ಮರಳಿ ಬಂದ ಮೇಲೆ ಮತ್ತೆ ತುಂಬಲು ಎಷ್ಟು ಹಿಡಿಯಿತು ಎಂದು ಅಳೆದು ಬರೆದಿಡಿ. ನೆನಪಿನ ಅಂದಾಜು ಬೇಡ. ದೂರವನ್ನೂ ಪೆಟ್ರೋಲನ್ನೂ ನಾವೆಲ್ಲ ಜಾಸ್ತಿಯೇ ಹೇಳುತ್ತೇವೆ.

ಈಗ ಲೀಟರನ್ನು ಯೂನಿಟ್‌ಗೆ ತಿರುಗಿಸಬೇಕು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಆದರೆ ಸಣ್ಣ ಎಂಜಿನ್ ಅದರ ಬಹುಪಾಲನ್ನು ಬಿಸಿಯಾಗಿಸಿ ಹೊರಗೆ ಬಿಡುತ್ತದೆ, ಉಳಿದದ್ದರಲ್ಲಿ ಅರ್ಧವನ್ನು ರಭಸದಿಂದ ಸುತ್ತುವ ಪುಟ್ಟ ಪ್ರೊಪೆಲ್ಲರ್ ನುಂಗುತ್ತದೆ. ದೋಣಿಯನ್ನು ಮುಂದಕ್ಕೆ ತಳ್ಳಲು ಸಿಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. ವಿದ್ಯುತ್ ಮೋಟರ್ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತದೆ. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಒಂದು ಲೀಟರ್ ಪೆಟ್ರೋಲ್‌ಗೆ 2 ಯೂನಿಟ್ ಬ್ಯಾಟರಿ ಎಂದು ಹಿಡಿದರೆ ಲೆಕ್ಕ ತೀರಾ ದಾರಿ ತಪ್ಪುವುದಿಲ್ಲ.

ಬೆಳಗಿನ ಹೊತ್ತು ಗಾಳ ಹಾಕಲು ಹೋಗಿ ಬರುವವರಿಗೆ ಒಂದು ಲೀಟರ್ ಖರ್ಚಾಗುತ್ತದೆ ಎನ್ನೋಣ. ಅದು 2 ಯೂನಿಟ್. ಆಪತ್ಕಾಲಕ್ಕೆ ಇನ್ನೊಂದು ಸೇರಿಸಿದರೆ 3. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಯೂನಿಟ್‌ಗೆ ಸುಮಾರು 10 ಕಿಲೋ, ಒಟ್ಟು 30 ಕಿಲೋ. ಇಬ್ಬರು ಆರಾಮವಾಗಿ ಎತ್ತಿಡಬಹುದು. ಹಳೆಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ, ಹಾಗಾಗಿ ಅಷ್ಟೇ ಕೆಲಸಕ್ಕೆ ಭಾರ 140 ಕಿಲೋ ದಾಟುತ್ತದೆ. ಅಗ್ಗ ಎಂದು ಅದರ ಹಿಂದೆ ಹೋಗಬೇಡಿ ಎಂದೇ ನನ್ನ ಸಲಹೆ.

ಇನ್ನು ಗಂಟೆಗೆ 12 ಲೀಟರ್ ಕುಡಿಯುವ 40 ಅಶ್ವಶಕ್ತಿಯ ದೋಣಿ ನೋಡಿ. ಎರಡು ಗಂಟೆಗೆ 24 ಲೀಟರ್, ಅಂದರೆ 48 ಯೂನಿಟ್. ಬ್ಯಾಟರಿಯೇ 500 ಕಿಲೋದಷ್ಟಾಯಿತು. ಮುಳುಗದಿದ್ದರೂ ಆ ದೋಣಿ ನೀರಿನ ಮೇಲೆ ಜಾರುವಷ್ಟು ಎತ್ತರಕ್ಕೆ ಏಳುವುದಿಲ್ಲ. ಸ್ವೀಡನ್ನಿನ ಕ್ಯಾಂಡೆಲಾ ಕಂಪನಿ ನೀರಿನೊಳಗೆ ರೆಕ್ಕೆ ಇಟ್ಟು ಇಡೀ ಒಡಲನ್ನು ಮೇಲಕ್ಕೆತ್ತಿ ಓಡಿಸುವ ದೋಣಿ ಮಾಡಿದೆ, ಆ ದಾರಿಯಲ್ಲಿ ವೇಗವೂ ಸಿಗುತ್ತದೆ. ಆದರೆ ಅದು ಬುಡದಿಂದಲೇ ಬೇರೆ ದೋಣಿ. ನಿಮ್ಮ ಹಳೆಯದಕ್ಕೆ ಜೋಡಿಸುವ ಮಾತಲ್ಲ. ವೇಗದ ದೋಣಿಯವರು ಸದ್ಯಕ್ಕೆ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಕಾರ್ಬ್ಯುರೇಟರಿನ ಹಳೆಯ ಟೂ-ಸ್ಟ್ರೋಕ್ ಎಂಜಿನ್ ಇದ್ದರೆ ಫೋರ್-ಸ್ಟ್ರೋಕ್‌ಗೆ ಬದಲಾಗುವುದು. ಹಳೆಯವು ಹಾಕಿದ ಪೆಟ್ರೋಲ್‌ನಲ್ಲಿ ಕಾಲು ಭಾಗದವರೆಗೆ ಉರಿಸದೆಯೇ ನೀರಿಗೆ ಬಿಡುತ್ತವೆ. ಎಂಜಿನ್ ಹಿಂದೆ ಕಾಮನಬಿಲ್ಲಿನಂತೆ ಹರಡುವ ಎಣ್ಣೆಯ ಪೊರೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ದೋಣಿಯ ಅಲೆ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದು. ನೀರು ನಿಶ್ಚಲವಾಗಿರುವ ದಿನ ಎಂಜಿನ್ನಿನ ಹಿಡಿಕೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹಿಂದಕ್ಕೆ ಕಣ್ಣು ಹಾಯಿಸಿ. ಮೊದಲು ನೀರು ಬಿಚ್ಚಿ ಮುಚ್ಚಿಕೊಂಡಂತೆ ನಯವಾಗಿರುತ್ತದೆ. ಆಮೇಲೆ ಮೂತಿಯಲ್ಲೊಂದು ಅಲೆ, ಬಾಲದಲ್ಲೊಂದು ಅಲೆ ಏಳುತ್ತವೆ. ಇನ್ನೂ ತಿರುಗಿಸಿದರೆ ಮೂತಿ ಮೇಲೇರಿ ಹಿಂಭಾಗ ಕುಸಿದು ಕೂರುತ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಲು ಒದ್ದಾಡುತ್ತಿದೆ ಎಂದರ್ಥ. ಅಲ್ಲಿಂದಾಚೆ ಹಾಕುವ ಶಕ್ತಿಯೆಲ್ಲ ಅಲೆ ಎಬ್ಬಿಸುವುದಕ್ಕೇ ಸರಿಹೋಗುತ್ತದೆ.

ಆ ಮಿತಿಗೆ ಸೂತ್ರವಿದೆ. ನೀರಿಗೆ ತಾಗುವ ಒಡಲಿನ ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿ. 4 ಮೀಟರ್ ದೋಣಿಗೆ ಗಂಟೆಗೆ 9 ಕಿ.ಮೀ. ಬರುತ್ತದೆ. ಇದರ ಕೆಳಗೆ ಇರಲು ಒಪ್ಪುವವರಿಗೆ ವಿದ್ಯುತ್ ಮೋಟರ್ ಹೇಳಿ ಮಾಡಿಸಿದ್ದು, ಏಕೆಂದರೆ ಅಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಗಂಟೆಗೆ 8 ಕಿ.ಮೀ. ವೇಗಕ್ಕೆ 1000 ವ್ಯಾಟ್ ಬೇಕೆಂದರೆ 1 ಯೂನಿಟ್ ಬ್ಯಾಟರಿಯಲ್ಲಿ ಒಂದು ಗಂಟೆ, 8 ಕಿ.ಮೀ. ಹೋಗುತ್ತೀರಿ. 6 ಕಿ.ಮೀ.ಗೆ ಇಳಿಸಿದರೆ 420 ವ್ಯಾಟ್ ಸಾಕು, ದೂರ 14 ಕಿ.ಮೀ. ಆಗುತ್ತದೆ. 4ಕ್ಕೆ ಇಳಿಸಿದರೆ 125 ವ್ಯಾಟ್. ಅದೇ ಬ್ಯಾಟರಿ 8 ಗಂಟೆ ಎಳೆದು 32 ಕಿ.ಮೀ. ಮುಟ್ಟಿಸುತ್ತದೆ. ಪರದೆಯ ಮೇಲೆ ವ್ಯಾಟ್ ತೋರಿಸುವ ಮೋಟರನ್ನೇ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ. ಒಂದು ವಾರದಲ್ಲಿ ಕೈ ತಾನಾಗಿಯೇ ಹದಕ್ಕೆ ಬರುತ್ತದೆ.

ಚೀಟಿ ಓದುವಾಗ ಎಚ್ಚರ

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಆದರೂ 1000 ವ್ಯಾಟ್ ಮೋಟರನ್ನು '3 ಅಶ್ವಶಕ್ತಿಗೆ ಸಮ' ಎಂದು ಮಾರುತ್ತಾರೆ. ನಿಂತ ದೋಣಿಯನ್ನು ಎಳೆಯುವ ಬಲದಲ್ಲಿ ಆ ಮಾತಿಗೆ ಅರ್ಥವಿದೆ, ಗರಿಷ್ಠ ವೇಗದಲ್ಲಿ ಇಲ್ಲ. ಕೆಲವು ಮೋಟರುಗಳ ಮೇಲೆ ಬ್ಯಾಟರಿಯಿಂದ ಎಳೆಯುವ ವ್ಯಾಟ್ ಬರೆದಿರುತ್ತದೆ, ಕೆಲವದರ ಮೇಲೆ ಪ್ರೊಪೆಲ್ಲರ್ ದಂಡಕ್ಕೆ ಸಿಗುವ ವ್ಯಾಟ್. ಮರ್ಕ್ಯುರಿ ಕಂಪನಿಯ ಅವೇಟರ್ 7.5ಇ ಎಂಬ ವಿದ್ಯುತ್ ಮೋಟರಿನ ಹೆಸರಿನಲ್ಲಿರುವ ಅಂಕೆ ಎರಡನೆಯದು: ದಂಡದಲ್ಲಿ 750 ವ್ಯಾಟ್. ಗಾಳ ಹಾಕುವವರ ಚಿಕ್ಕ ಮೋಟರುಗಳಲ್ಲಿ ಪೌಂಡ್ ಲೆಕ್ಕದ ತಳ್ಳುಬಲ ಮಾತ್ರ ಇರುತ್ತದೆ. ಎರಡು ಮೋಟರ್ ಹೋಲಿಸುವಾಗ ಒಂದೇ ಬಗೆಯ ಅಂಕೆಯನ್ನು ಎದುರುಬದುರು ಇಡಿ.

ವೈರಿಂಗ್ ವಿಷಯಕ್ಕೆ ಬಂದರೆ, 1000 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 83 ಆಂಪಿಯರ್ ಹರಿಯುತ್ತದೆ, 48 ವೋಲ್ಟ್‌ನಲ್ಲಿ 21. ಕೇಬಲ್ ಬಿಸಿಯಾಗದಿರಲು ಹೆಚ್ಚು ವೋಲ್ಟ್ ಒಳ್ಳೆಯದು. ಫ್ಯೂಸ್ ಬ್ಯಾಟರಿಗೆ ಒತ್ತಿದಂತೆಯೇ ಇರಲಿ. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದು ಕಟ್ಟಿ. 30 ಕಿಲೋ ಒಂದೇ ಬದಿಗೆ ಜಾರಿದರೆ ದೋಣಿಯೇ ವಾಲುತ್ತದೆ. ಚಾರ್ಜಿಂಗ್‌ಗೆ ಮನೆಯ ಪ್ಲಗ್ ಸಾಕು: 500 ವ್ಯಾಟ್ ಚಾರ್ಜರ್ 3 ಯೂನಿಟ್ ತುಂಬಲು ಆರೇಳು ಗಂಟೆ ತೆಗೆದುಕೊಳ್ಳುತ್ತದೆ. ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಮೊದಲ ಸವಾರಿ

ಗಾಳಿಗೆ, ಹರಿವಿಗೆ ಎದುರಾಗಿ ಹೊರಡಿ. ಮರಳುವಾಗ ಅವೇ ತಳ್ಳಿಕೊಂಡು ಬರಲಿ. ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಮುಗಿದ ತಕ್ಷಣ ತಿರುಗಿ. ಜೊತೆಗೆ ಹುಟ್ಟು, ಜೀವರಕ್ಷಕ ಜಾಕೆಟ್ ಇರಲೇಬೇಕು.

ಸದ್ದಿಲ್ಲದಿರುವುದು ಈ ಮೋಟರಿನ ದೊಡ್ಡ ಸುಖ. ನೀರು ಒಡಲಿಗೆ ತಟ್ಟುವ ಶಬ್ದ, ದಡದ ಹಕ್ಕಿಯ ಕೂಗು, ಪಕ್ಕದವರ ಮೆಲುಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಅಪಾಯವೂ ಅಲ್ಲೇ ಇದೆ. ಪೆಟ್ರೋಲ್ ಎಂಜಿನ್ ಗುರುಗುಟ್ಟುತ್ತಾ ತಾನು ಚಾಲೂ ಇದ್ದೇನೆಂದು ಹೇಳುತ್ತಿರುತ್ತದೆ. ಇದು ಸತ್ತಂತೆ ಸುಮ್ಮನಿರುತ್ತದೆ, ಹಿಡಿಕೆಗೆ ಮೊಣಕೈ ತಾಗಿದರೆ ಸಾಕು, ಪ್ರೊಪೆಲ್ಲರ್ ಪೂರ್ತಿ ಬಲದಿಂದ ಸುತ್ತುತ್ತದೆ. ಯಾರಾದರೂ ನೀರಿಗಿಳಿಯುವಾಗ, ಪ್ರೊಪೆಲ್ಲರಿಗೆ ಸಿಕ್ಕ ಕಳೆ ಬಿಡಿಸುವಾಗ, ಕಿತ್ತರೆ ಮೋಟರ್ ನಿಲ್ಲಿಸುವ ಅಯಸ್ಕಾಂತದ ಸುರಕ್ಷಾ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಈಜುವವರಿಗೂ ನೀವು ಬರುವುದು ಕೇಳಿಸದು. ಅವರನ್ನು ಕಂಡರೆ ದೂರದಿಂದಲೇ ಕೂಗಿ ಹೇಳಿ.

ಹಳೆಯ ಎಂಜಿನ್ ಮಾರಲು ಆತುರ ಬೇಡ. ಒಂದು ಋತು ಪೂರ್ತಿ ಹೊಸದನ್ನು ಓಡಿಸಿ, ಪ್ರತಿ ಸಲ ದಡ ಸೇರಿದಾಗ ಎಷ್ಟು ಪ್ರತಿಶತ ಉಳಿದಿತ್ತು ಎಂದು ಬರೆಯುತ್ತಾ ಹೋಗಿ. ಅಲ್ಲಿಯವರೆಗೆ ಹಳೆಯದರ ಕಾರ್ಬ್ಯುರೇಟರಿನಲ್ಲಿರುವ ಪೆಟ್ರೋಲ್ ಖಾಲಿ ಮಾಡಿ, ಸಿಹಿನೀರಿನಲ್ಲಿ ತೊಳೆದು, ನೆಟ್ಟಗೆ ನಿಲ್ಲಿಸಿಡಿ.