ಏಜೆಂಟರಿಗೆ ಕಳಿಸಿದ ಮೇಲೆ ಕಂಡ ತಪ್ಪು: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು

ಕನ್ನಡ ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿ, ಲಂಡನ್ ಮತ್ತು ನ್ಯೂಯಾರ್ಕಿನ ಲಿಟರರಿ ಏಜೆಂಟರಿಗೆ, ಅಂದರೆ ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವವರಿಗೆ, ಕಳಿಸುವುದು ನನ್ನ ಕೆಲಸದ ಒಂದು ಭಾಗ. 2025ರಲ್ಲಿ ಕನ್ನಡ ಕತೆಗಳ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಈ ದಾರಿಯ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಹೆಚ್ಚಿನವರ ಗಾಬರಿ ಒಂದೇ. "ಕಳಿಸಿಬಿಟ್ಟೆ. ಈಗ ನೋಡಿದ್ರೆ ಎರಡನೇ ಪುಟದಲ್ಲಿ ಸ್ಪೆಲಿಂಗ್ ತಪ್ಪಿದೆ. ಸರಿಮಾಡಿ ಇನ್ನೊಂದ್ಸಲ ಕಳಿಸಲಾ?"

ಬೇಡ ಅಂತಲೇ ನಾನು ಹೇಳುವುದು. ಅದಕ್ಕೆ ಕಾರಣ ಆ ಕಡೆ ಕೂತವರ ಕೆಲಸದ ರೀತಿಯಲ್ಲಿದೆ.

ಕನ್ನಡದಲ್ಲಿ ನಾವು ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರಿಗೆ ಕೊಡುತ್ತೇವೆ. ಏನಾದರೂ ತಪ್ಪಿದ್ದರೆ ಒಂದು ಫೋನ್ ಮಾಡುತ್ತೇವೆ, ಇಲ್ಲವೇ ಕರಡು ಬಂದಾಗ ತಿದ್ದುತ್ತೇವೆ. ಏಜೆಂಟರ ವಿಷಯ ಹಾಗಲ್ಲ. ಅವರ ಆದಾಯ ಬರುವುದು ಲೇಖಕರ ಪುಸ್ತಕ ಮಾರಾಟವಾದಾಗ ಸಿಗುವ ಕಮಿಷನ್‌ನಿಂದ. ಸ್ವದೇಶದ ಒಪ್ಪಂದಕ್ಕೆ ಸಾಮಾನ್ಯವಾಗಿ ಶೇ 15, ಹೊರದೇಶದ ಹಕ್ಕುಗಳಿಗೆ ಶೇ 20. ಹಾಗಾಗಿ ಅವರ ಹಗಲೆಲ್ಲ ಈಗಾಗಲೇ ಕೈಯಲ್ಲಿರುವ ಲೇಖಕರ ಕೆಲಸಕ್ಕೆ ಹೋಗುತ್ತದೆ. ಹೊಸಬರ ಪತ್ರಗಳನ್ನು ಓದುವುದು ಸಂಜೆ ಅಥವಾ ವಾರದ ಕೊನೆಯಲ್ಲಿ. ಎಷ್ಟೋ ಕಡೆ ಮೊದಲು ಓದುವವರು ಸಹಾಯಕರು. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಈ ಪುಸ್ತಕವನ್ನು ನಾವು ಯಾರಿಗಾದರೂ ಮಾರಬಲ್ಲೆವಾ? ಒಂದು ಅಕ್ಷರ ಬಿಟ್ಟುಹೋದದ್ದರಿಂದ ಅದರ ಉತ್ತರ ಬದಲಾಗುವುದಿಲ್ಲ. ಆದರೆ ಒಂದೇ ಪುಸ್ತಕದ ಎರಡು ಈಮೇಲ್ ಹೋದರೆ ಯಾವುದನ್ನು ಓದಬೇಕು ಎಂಬ ಗೊಂದಲ ಖಂಡಿತ ಹುಟ್ಟುತ್ತದೆ. ಒಂದು ಕೃತಿಯನ್ನು ಒಂದೇ ಸಲ ಕಳಿಸಿ ಎಂದು ಎಷ್ಟೋ ಏಜೆನ್ಸಿಗಳು ತಮ್ಮ ನಿಯಮಗಳಲ್ಲೇ ಬರೆದಿರುತ್ತವೆ.

ಹಾಗಂತ ಎಲ್ಲ ತಪ್ಪನ್ನೂ ಬಿಟ್ಟುಬಿಡುವುದಿಲ್ಲ. ತಪ್ಪು ಕಂಡ ತಕ್ಷಣ ನಾನು ನೋಡುವುದು ಇಷ್ಟೇ. ಇದರಿಂದ ಅವರಿಗೆ ಓದುವುದಕ್ಕೆ ತೊಡಕಾಗುತ್ತದಾ? ಅಥವಾ ಓದಿ ಏನನ್ನಾದರೂ ತಪ್ಪಾಗಿ ತಿಳಿದುಕೊಳ್ಳುತ್ತಾರಾ? ಎರಡೂ ಇಲ್ಲವಾದರೆ ಸುಮ್ಮನಿರುತ್ತೇನೆ. ಕಾಗುಣಿತ, ಅಲ್ಪವಿರಾಮ, ಎರಡು ಸಲ ಬಂದ ಪದ, ಪುಟಸಂಖ್ಯೆ ಬಿಟ್ಟುಹೋದದ್ದು, ಲಂಡನ್ನಿಗೆ ಹೋದ ಪತ್ರದಲ್ಲಿ ಅಮೆರಿಕದ ಸ್ಪೆಲಿಂಗ್ ಉಳಿದದ್ದು, ಇವೆಲ್ಲ ಬಿಡುವ ಪಟ್ಟಿಗೆ ಸೇರುತ್ತವೆ. ಅಟ್ಯಾಚ್‌ಮೆಂಟ್ ಮರೆತುಹೋದರೆ, ಫೈಲ್ ತೆರೆಯದಂತಿದ್ದರೆ ತಡಮಾಡದೆ ಕಳಿಸುತ್ತೇನೆ. ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಯೋಚಿಸಬೇಕಾದದ್ದು ನಡುವಿನವುಗಳ ಬಗ್ಗೆ. ನಮ್ಮಂಥ ಅನುವಾದಕರಿಗೆ ಇಂಥವು ಬೇರೆಯವರಿಗಿಂತ ಜಾಸ್ತಿ.

ಪದಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ಪತ್ರದಲ್ಲಿ ಪುಸ್ತಕ ಎಷ್ಟು ಪದಗಳದ್ದು ಎಂದು ಬರೆಯಲೇಬೇಕು. ಕನ್ನಡದಲ್ಲಿ 'ಬಂದಿದ್ದಳಂತೆ' ಎನ್ನುವುದು ಒಂದೇ ಪದ. ಇಂಗ್ಲಿಷಿನಲ್ಲಿ ಅದು ನಾಲ್ಕೈದು ಪದವಾಗುತ್ತದೆ. ಮೂಲದ ಲೆಕ್ಕವನ್ನೇ ಪತ್ರಕ್ಕೆ ಹಾಕಿಬಿಟ್ಟರೆ ತುಂಬು ಕಾದಂಬರಿಯೂ ನೀಳ್ಗತೆಯ ಹಾಗೆ ಕಾಣುತ್ತದೆ. ಇಷ್ಟು ಚಿಕ್ಕದನ್ನು ಮಾರುವುದು ಕಷ್ಟ ಎಂದು ಅವರು ಸ್ಯಾಂಪಲ್, ಅಂದರೆ ಪತ್ರದ ಜೊತೆ ಕಳಿಸಿದ ಮೊದಲ ಪುಟಗಳನ್ನು, ತೆರೆಯದೆಯೂ ಇರಬಹುದು. ಒಂದು ಸಲ ನನ್ನ ಪತ್ರ ಹೀಗೇ ಹೋಗಿತ್ತು. ನೋಡಲು ಬರೀ ಒಂದು ಅಂಕಿ. ಆದರೂ ಓದುವವರನ್ನು ದಾರಿ ತಪ್ಪಿಸುವಂಥದ್ದು ಎಂದು ಅದನ್ನು ತಿದ್ದಿ ಬರೆದೆ.

ಇನ್ನೊಂದು, ಮೂಲ ಲೇಖಕರ ಹೆಸರು. ನಮ್ಮಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ ಹೆಸರಿನ ಮುಂದೆ ಬರುತ್ತವೆ. ಆ ಕಡೆಯವರಿಗೆ ಕೊನೆಯಲ್ಲಿ ಬಂದದ್ದೇ ಮನೆತನದ ಹೆಸರು. ಪತ್ರದಲ್ಲಿ ಒಂದು ರೀತಿ, ಸ್ಯಾಂಪಲಿನ ಮೇಲೆ ಇನ್ನೊಂದು ರೀತಿ ಇದ್ದರೆ, ಇದು ಇಬ್ಬರು ಬರೆದ ಪುಸ್ತಕವಾ ಎಂಬ ಅನುಮಾನ ಬರುತ್ತದೆ. ಅನುವಾದದ ಹಕ್ಕು ಯಾರದು ಎನ್ನುವುದಕ್ಕೂ ಇದೇ ಹೆಸರು ಆಧಾರ. ಹೀಗೆ ಆದಾಗ ನಾನು ಆ ಲೇಖಕರಿಗೇ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದ ಹಿರಿಯರು. "ಮೇಷ್ಟ್ರೇ, ನಿಮ್ಮ ಹೆಸರು ಎರಡು ಥರ ಹೋಗಿದೆ. ಇನ್ನೂ ಒಂದೆರಡು ಕಾಗುಣಿತದ ತಪ್ಪೂ ಇವೆ" ಎಂದೆ. "ಹೆಸರೊಂದು ತಿದ್ದಿಬಿಡಮ್ಮ, ಉಳಿದದ್ದು ಇರಲಿ" ಎಂದರು. ನನಗೂ ಅದೇ ಸರಿ ಅನಿಸಿತ್ತು. ಇನ್ನೊಬ್ಬರ ಪುಸ್ತಕವನ್ನು ಹೊತ್ತು ಹೋಗುವಾಗ ಇಂಥ ವಿಷಯವನ್ನು ಅವರಿಗೆ ಹೇಳಿಯೇ ಮಾಡುವುದು ನ್ಯಾಯ.

ವರ್ಡ್ ಫೈಲಿನಲ್ಲಿ ಕಾಮೆಂಟುಗಳು, ಎಲ್ಲೆಲ್ಲಿ ತಿದ್ದಿದೆ ಎಂದು ತೋರಿಸುವ ಟ್ರ್ಯಾಕ್ ಚೇಂಜಸ್ ಗುರುತುಗಳು ಉಳಿದುಹೋದರೆ ಅದನ್ನೂ ಬದಲಿಸಿ ಕಳಿಸುತ್ತೇನೆ. ಲೇಖಕರೂ ನಾನೂ ಮಾಡಿಕೊಂಡ ಮಾತುಕತೆ ಮೂರನೆಯವರು ಓದುವುದಕ್ಕಲ್ಲ. ಏಜೆಂಟರ ಹೆಸರಿನ ಜಾಗದಲ್ಲಿ ಬೇರೊಬ್ಬ ಏಜೆಂಟರ ಹೆಸರು ಹೋಗಿದ್ದರೆ ಒಂದು ಸಾಲಿನ ಕ್ಷಮೆ ಸಾಕು. ಕೆಲವರು ಅದೂ ಬೇಡ ಎನ್ನುತ್ತಾರೆ. ನನಗೆ ಮಾತ್ರ, ಹೆಸರು ತಪ್ಪಿ ಕರೆದು ಸುಮ್ಮನಿರುವುದು ಸರಿಯಲ್ಲ ಅನಿಸುತ್ತದೆ.

ತಿದ್ದುಪಡಿಯ ಪತ್ರ ಚಿಕ್ಕದಾಗಿರಬೇಕು. ಮೊದಲು ಕಳಿಸಿದ ಈಮೇಲಿಗೇ ರಿಪ್ಲೈ ಮಾಡುತ್ತೇನೆ, ಹೊಸ ಈಮೇಲ್ ಶುರು ಮಾಡುವುದಿಲ್ಲ. ಆಗ ಎರಡೂ ಒಂದೇ ಕಡೆ ಇರುತ್ತವೆ. "ನನ್ನ ಪತ್ರದಲ್ಲಿ ಪದಗಳ ಲೆಕ್ಕ ಕನ್ನಡ ಮೂಲದ್ದು. ಇಂಗ್ಲಿಷ್ ಅನುವಾದದ ಲೆಕ್ಕ ಇಷ್ಟು. ತೊಂದರೆಗೆ ಕ್ಷಮಿಸಿ." ಇಷ್ಟೇ ವಿಷಯ. ನಾಲ್ಕು ಸಾಲು ಗೋಳು ತೋಡಿಕೊಂಡರೆ ಅವರ ಗಮನ ಪುಸ್ತಕದಿಂದ ನಮ್ಮ ತಪ್ಪಿನ ಕಡೆಗೆ ಹೋಗುತ್ತದೆ. ಈಮೇಲ್ ಬದಲು ವೆಬ್ ಫಾರ್ಮ್ ತುಂಬುವಂತಿದ್ದರೆ, ಕಳಿಸಿದ ಮೇಲೆ ತಿದ್ದುವುದು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಫಾರ್ಮಿಗೆ ಹಾಕುವುದನ್ನೆಲ್ಲ ಮೊದಲು ಬೇರೆ ಫೈಲಿನಲ್ಲಿ ಬರೆದು, ಓದಿ, ಆಮೇಲೆ ಅಂಟಿಸುತ್ತೇನೆ.

ನನ್ನ ಗಾಬರಿಯನ್ನು ನಿಜವಾಗಿ ಕಡಿಮೆ ಮಾಡಿದ್ದು ಮಾತ್ರ ಕಂತುಗಳಲ್ಲಿ ಕಳಿಸುವ ಅಭ್ಯಾಸ. ಒಂದೇ ಹೊತ್ತಿಗೆ ಹಲವು ಏಜೆಂಟರಿಗೆ ಕಳಿಸುವುದನ್ನು ಸಾಮಾನ್ಯವಾಗಿ ಅವರೇ ಒಪ್ಪುತ್ತಾರೆ. ಆದರೆ ನಾನು ಐದಾರು ಮಂದಿಗೆ ಮಾತ್ರ ಕಳಿಸಿ ನಿಲ್ಲುತ್ತೇನೆ. ತಪ್ಪು ಕಂಡರೆ ಅದು ಆ ಐದಾರು ಪ್ರತಿಗಳಲ್ಲಿ ಮಾತ್ರ ಇರುತ್ತದೆ. ಮುಂದಿನ ಕಂತಿಗೆ ಸರಿಯಾದ ಪ್ರತಿ ಹೋಗುತ್ತದೆ. ಯಾರಿಗೆ, ಯಾವ ದಿನ, ಯಾವ ಪ್ರತಿ ಹೋಯಿತು ಎಂದು ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಕೊನೆಯ ಕಾಲಮ್ಮು ತಪ್ಪುಗಳಿಗೇ ಮೀಸಲು. ಬರೆದಿಟ್ಟ ಮೇಲೆ ಅದು ರಾತ್ರಿಯೆಲ್ಲ ತಲೆಯಲ್ಲಿ ಸುತ್ತುವುದು ನಿಲ್ಲುತ್ತದೆ.

ಕಳಿಸುವ ಮುಂಚಿನ ಕೆಲಸವೂ ಸ್ವಲ್ಪ ಇದೆ. ಮೊದಲು ನನಗೇ ಕಳಿಸಿಕೊಂಡು ಮೊಬೈಲಿನಲ್ಲಿ ತೆರೆದು ಓದುತ್ತೇನೆ. ಪರದೆ ಬದಲಾದರೆ ಕಣ್ಣಿಗೆ ಬೀಳದ್ದು ಬೀಳುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ ಮತ್ತು ಸಿನಾಪ್ಸಿಸ್ (ಕತೆಯ ಸಾರಾಂಶ) ಕೇಳುತ್ತಾರೆ. ಅಮೆರಿಕದಲ್ಲಿ ಎಷ್ಟೋ ಮಂದಿ ಮೊದಲ ಐದೋ ಹತ್ತೋ ಪುಟವನ್ನು ಈಮೇಲಿನೊಳಗೇ ಅಂಟಿಸಿ ಎನ್ನುತ್ತಾರೆ, ಅಟ್ಯಾಚ್‌ಮೆಂಟ್ ತೆರೆಯುವುದಿಲ್ಲ. ಈ ನಿಯಮವನ್ನು ಪ್ರತಿ ಏಜೆಂಟರ ಪುಟದಲ್ಲಿ ಅವತ್ತೇ ಓದುತ್ತೇನೆ. 'ಟು' ಜಾಗವನ್ನು ಕೊನೆಯವರೆಗೂ ಖಾಲಿ ಬಿಡುತ್ತೇನೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ಪಡೆಯುವ ಸಮಯವನ್ನು 30 ಸೆಕೆಂಡಿಗೆ ಇಟ್ಟುಕೊಂಡಿದ್ದೇನೆ. ಸಂಜೆ ಬರೆದದ್ದನ್ನು ಅವತ್ತೇ ಕಳಿಸುವುದಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಇನ್ನೊಂದು ಸಲ ಓದಿ ಕಳಿಸಿದರೆ ಲಂಡನ್ನಿನಲ್ಲಿ ಆಗಷ್ಟೇ ಬೆಳಗ್ಗೆ.

ಯಾರಾದರೂ ಪೂರ್ತಿ ಹಸ್ತಪ್ರತಿ ಕೇಳಿದರೆ ಬಿಡುವ ಪಟ್ಟಿಯಲ್ಲಿದ್ದ ತಪ್ಪುಗಳನ್ನೆಲ್ಲ ಅದರಲ್ಲಿ ಸರಿಮಾಡಿ ಕಳಿಸುತ್ತೇನೆ. ಹಿಂದಿನ ಸ್ಯಾಂಪಲಿನ ತಪ್ಪುಗಳ ಮಾತನ್ನೇ ಎತ್ತುವುದಿಲ್ಲ. ಅವರೂ ಕೇಳುವುದಿಲ್ಲ.