ಮಧ್ಯಮ ಬೆಲೆಯ ರಿಸೀವರ್ ಜೊತೆ ನಾಲ್ಕು ವರ್ಷ: ನನ್ನ ಅನುಭವ

ಮೊದಲ ರಾತ್ರಿ ನನಗೆ ನಿರಾಸೆಯೇ ಆಯಿತು. ಐದು ಸ್ಪೀಕರ್, ಬಾಸ್‌ಗೆ (ತೀರಾ ತಗ್ಗು ಸ್ವರದ ಸದ್ದಿಗೆ) ಒಂದು ಸಬ್‌ವೂಫರ್ ಅಂದರೆ ಸಬ್, ಟಿವಿ, ಪ್ಲೇಯರ್‌ನ ಸದ್ದನ್ನು ಇವಕ್ಕೆಲ್ಲ ಹಂಚಿ ನುಡಿಸುವ ಹೊಸ ರಿಸೀವರ್, ಇಡೀ ದಿನ ವೈರ್ ಎಳೆದ ಸುಸ್ತು. ಸಂಜೆ ಸಿನಿಮಾ ಹಾಕಿದೆವು. ಸ್ಫೋಟ ಬಂದಾಗ ಕಿಟಕಿ ಗಾಜು ನಡುಗಿತು. ಆದರೆ ಇಬ್ಬರು ಕೂತು ಮೆಲ್ಲಗೆ ಮಾತಾಡುವ ದೃಶ್ಯದಲ್ಲಿ ಅರ್ಧ ಮಾತು ತಿಳಿಯಲಿಲ್ಲ. ರಿಮೋಟ್ ಕೈಯಲ್ಲೇ ಇಟ್ಟುಕೊಂಡು, ಮಾತು ಬಂದಾಗ ಏರಿಸಿ, ಹೊಡೆದಾಟ ಬಂದಾಗ ಇಳಿಸಿ ಸಿನಿಮಾ ಮುಗಿಸಿದೆ. ಟಿವಿಯಲ್ಲಿ ಮಾತು ಸರಿಯಾಗಿ ಕೇಳಿಸಲ್ಲ ಅನ್ನುವ ಒಂದೇ ಕಾರಣಕ್ಕೆ ಇಷ್ಟೆಲ್ಲ ತಂದಿದ್ದೆ.

ಅದಾಗಿ ನಾಲ್ಕು ವರ್ಷ. ಅದೇ ರಿಸೀವರ್, ಅದೇ ಸ್ಪೀಕರ್‌ಗಳು ಇವತ್ತಿಗೂ ಇವೆ. ಈಗ ರಿಮೋಟ್ ಮುಟ್ಟದೆ ಇಡೀ ಸಿನಿಮಾ ನೋಡುತ್ತೇವೆ. ನಡುವೆ ಬದಲಾಗಿದ್ದು ಸೋಫಾದ ಜಾಗ, ಸಬ್‌ನ ಜಾಗ, ಟಿವಿ ಕೆಳಗಿನ ಸೆಂಟರ್ ಸ್ಪೀಕರ್‌ನ ಓರೆ, ಮತ್ತೆ ಮೆನುವಿನೊಳಗಿನ ಏಳೆಂಟು ಸೆಟ್ಟಿಂಗ್. ರಿಸೀವರ್ ತಂದು 'ಯಾಕೋ ಹೇಳಿದಷ್ಟಿಲ್ಲ' ಅಂತ ಅನ್ನಿಸುತ್ತಿರುವವರು ಯಾರಾದರೂ ಇದ್ದರೆ, ಅದನ್ನು ವಾಪಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ಮೊದಲು ವ್ಯಾಟ್ ವಿಷಯ. ನನ್ನ ರಿಸೀವರ್‌ನ ಡಬ್ಬದ ಮೇಲೆ ದೊಡ್ಡದಾಗಿ 150 ವ್ಯಾಟ್ ಅಂತ ಇತ್ತು. ಕೈಪಿಡಿಯ ಕೊನೆಯ ಪುಟ ತೆಗೆದರೆ ಅದು 6 ಓಮ್ ಸ್ಪೀಕರ್, 1 ಕಿಲೋಹರ್ಟ್ಜ್‌ನ ಒಂದೇ ಸ್ವರ, 10 ಶೇಕಡಾ ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ), ಒಂದೇ ಚಾನೆಲ್ (ಒಂದೇ ಸ್ಪೀಕರ್‌ನ ದಾರಿ) ನುಡಿಯುವಾಗಿನ ಅಂಕಿ. ಅದರ ಕೆಳಗೇ ಇನ್ನೊಂದು ಸಾಲು: 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 0.08 ಶೇಕಡಾ ಡಿಸ್ಟಾರ್ಷನ್, ಎರಡು ಚಾನೆಲ್, 80 ವ್ಯಾಟ್. ಎರಡು ರಿಸೀವರ್‌ಗಳನ್ನು ಹೋಲಿಸುವಾಗ ಈ ಎರಡನೇ ಸಾಲನ್ನೇ ನೋಡಬೇಕು. ಐದೂ ಚಾನೆಲ್ ಒಟ್ಟಿಗೆ ನುಡಿದರೆ ಅದೂ ಕಮ್ಮಿಯಾಗುತ್ತದೆ, ಏಕೆಂದರೆ ಎಲ್ಲಕ್ಕೂ ಪವರ್ ಸಪ್ಲೈ ಒಂದೇ.

ಮೋಸ ಹೋದೆ ಅಂತ ಬೇಜಾರಾಗಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ನನ್ನ ಸ್ಪೀಕರ್‌ಗಳ ಸೆನ್ಸಿಟಿವಿಟಿ 86 ಡೆಸಿಬೆಲ್. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು. ನಾವು ಕೂರುವ ಎರಡೂವರೆ ಮೀಟರ್ ದೂರಕ್ಕೆ ಸುಮಾರು 78. ನಮ್ಮ ಮನೆಯಲ್ಲಿ ಸಿನಿಮಾ ನೋಡುವಾಗ ಮಾತಿನ ಸದ್ದು 65ರಿಂದ 70ರ ಆಸುಪಾಸು ಇರುತ್ತದೆ. ಅದಕ್ಕೆ 1 ವ್ಯಾಟ್ ಕೂಡ ಬೇಡ! ಜೋರು ದೃಶ್ಯ 20 ಡೆಸಿಬೆಲ್ ಮೇಲೆ ಹಾರಿದರೆ 100 ಪಟ್ಟು ಪವರ್ ಬೇಕಾಗುತ್ತದೆ, ನಿಜ. ಆದರೆ 70ರಿಂದ 90ಕ್ಕೆ ಹಾರಿದರೂ ಒಂದು ಸ್ಪೀಕರ್‌ಗೆ 16 ವ್ಯಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. 80 ವ್ಯಾಟ್ ಬಿಟ್ಟು 100 ವ್ಯಾಟ್‌ನದ್ದು ತಂದಿದ್ದರೆ ನನಗೆ ಸಿಗುತ್ತಿದ್ದದ್ದು 1 ಡೆಸಿಬೆಲ್. ಕಿವಿಗೆ ಗೊತ್ತಾಗುವುದೂ ಕಷ್ಟ. ಅಲ್ಲಿಗೆ ಪವರ್ ಚಿಂತೆ ಬಿಟ್ಟೆ.

ಮಾತು ಕೇಳಿಸದ್ದಕ್ಕೆ ದೊಡ್ಡ ಕಾರಣ ಸೆಂಟರ್ ಸ್ಪೀಕರ್ ಇಟ್ಟ ಜಾಗ. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ. ಅದನ್ನು ನಾನು ಟಿವಿ ಸ್ಟ್ಯಾಂಡಿನ ಖಾನೆಯೊಳಗೆ, ಅಂಚಿನಿಂದ ಒಂದು ಗೇಣು ಹಿಂದಕ್ಕೆ ತಳ್ಳಿ ಇಟ್ಟಿದ್ದೆ. ನೋಡೋಕೆ ಚೆನ್ನಾಗಿತ್ತು. ಆದರೆ ಸ್ಪೀಕರ್‌ನಿಂದ ಹೊರಟ ದನಿ ಖಾನೆಯ ತಳಕ್ಕೆ, ಮೇಲಿನ ಹಲಗೆಗೆ, ಎರಡೂ ಪಕ್ಕಕ್ಕೆ ಬಡಿದು ಹೊರಗೆ ಬರುತ್ತಿತ್ತು. ಡ್ರಮ್ಮಿನೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಮೇಲಾಗಿ ಅದು ನಮ್ಮ ಮೊಣಕಾಲಿಗೆ ಮುಖ ಮಾಡಿಕೊಂಡಿತ್ತು. ಸ್ಪೀಕರನ್ನು ಅಂಚಿನವರೆಗೆ ಎಳೆದು, ಮುಂದಿನ ಅಂಚಿನ ಕೆಳಗೆ ರಬ್ಬರ್ ತುಂಡು ಕೊಟ್ಟು, ಕಿವಿಯ ಕಡೆ ಓರೆ ಮಾಡಿದೆ. ಹತ್ತು ನಿಮಿಷದ ಕೆಲಸ. ಅವತ್ತೇ ಅರ್ಧ ಸಮಸ್ಯೆ ಹೋಯಿತು. ಆಮೇಲೆ ಮೆನುವಿನಲ್ಲಿ ಸೆಂಟರ್‌ನ ಲೆವೆಲ್ ಒಂದೂವರೆ ಡೆಸಿಬೆಲ್ ಏರಿಸಿದೆ. ಇದಕ್ಕಿಂತ ಜಾಸ್ತಿ ಏರಿಸಿದರೆ ಮಾತು ಚಿತ್ರದಿಂದ ಕಿತ್ತು ಮುಂದೆ ಬಂದ ಹಾಗೆ ಅನ್ನಿಸುತ್ತದೆ.

ಇನ್ನರ್ಧ ಸಮಸ್ಯೆ ಬಾಸ್‌ನದ್ದು. ನಾನು ಅತಿ ಹೆಚ್ಚು ದಿನ ಒದ್ದಾಡಿದ್ದು ಇದರಲ್ಲೇ. ಕೆಲವು ಸದ್ದು ಗುಂಯ್ ಅಂತ ಉಳಿದುಬಿಡುತ್ತಿತ್ತು, ಇನ್ನು ಕೆಲವು ಬರುತ್ತಲೇ ಇರಲಿಲ್ಲ. ಬರಲಿಲ್ಲ ಅಂತ ಸಬ್ ಏರಿಸಿದರೆ, ಗುಂಯ್ ಅನ್ನುವುದು ಇನ್ನೂ ಜೋರಾಗಿ ಮಾತಿನ ಮೇಲೆ ಕೂರುತ್ತಿತ್ತು.

ಕೋಣೆ ಅಳೆದ ಮೇಲೆ ಅರ್ಥ ಆಯಿತು. ಉದ್ದ 4.3 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಜ್. ಆ ಸ್ವರಕ್ಕೆ ಎರಡು ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಸದ್ದು ಜೋರು, ಸರಿಯಾಗಿ ನಡುವಿನಲ್ಲಿ ಸದ್ದೇ ಇಲ್ಲದ ಹಾಗೆ. ನಮ್ಮ ಸೋಫಾ ಎಲ್ಲಿತ್ತು ಗೊತ್ತಾ? ಕೂತವರ ತಲೆ ಮುಂದಿನ ಗೋಡೆಯಿಂದ 2.15 ಮೀಟರ್‌ನಲ್ಲಿ. ಕೋಣೆಯ ನಟ್ಟನಡುವೆ. 40 ಹರ್ಟ್ಜ್ ಅಂದರೆ ಸಿನಿಮಾದ ಗುಡುಗು, ಎಂಜಿನ್ ಸದ್ದು ಎಲ್ಲ ಇರುವ ಜಾಗ. ಅದೇ ನಮಗೆ ಕೇಳಿಸುತ್ತಿರಲಿಲ್ಲ. ಇಂಥ ತಗ್ಗನ್ನು ಯಾವ ರಿಸೀವರ್ ಕೂಡ ತುಂಬಲಾರದು. ಎಷ್ಟು ಏರಿಸಿದರೂ ವಾಪಸ್ ಬರುವ ಅಲೆಯೂ ಅಷ್ಟೇ ಏರುತ್ತದೆ, ಎರಡೂ ಹೊಡೆದುಹೋಗುತ್ತವೆ.

ಸೋಫಾವನ್ನು 60 ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆ. ಆ ಒಂದು ಸಂಜೆಯ ಬದಲಾವಣೆ ನನಗೆ ಇನ್ನೂ ನೆನಪಿದೆ. ಸಬ್‌ನ ನಾಬ್ ಮುಟ್ಟಿರಲಿಲ್ಲ, ಆದರೂ ಗುಡುಗು ಎದೆಗೆ ತಾಗಿತು. ಪೂರ್ತಿ ಹಿಂದಿನ ಗೋಡೆಗೆ ತಾಗಿಸಬೇಡಿ. ಅಲ್ಲಿ ಬಾಸ್ ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತದೆ.

ಸಬ್‌ನ ಜಾಗ ಹುಡುಕಲು ಹಳೆಯ ಉಪಾಯ ಒಂದಿದೆ. ಸಬ್ಬನ್ನೇ ಎತ್ತಿ ನೀವು ಕೂರುವ ಜಾಗದಲ್ಲಿ ಇಡಿ. ಬಾಸ್ ತುಂಬಿರುವ ಒಂದು ತುಣುಕನ್ನು ಮತ್ತೆ ಮತ್ತೆ ಹಾಕಿ. ಆಮೇಲೆ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ನೆಲದ ಹತ್ತಿರ ಕಿವಿಯಿಟ್ಟು ಕೇಳುತ್ತಾ ಹೋಗಿ. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಬೇಕು. ನಾನು ಮೂಲೆಯಲ್ಲಿ ಇಟ್ಟಿದ್ದೆ. ಸದ್ದು ಜೋರಾಗಿತ್ತು, ಹದ ಇರಲಿಲ್ಲ. ಕಡೆಗೆ ಹಿಡಿಸಿದ್ದು ಮುಂದಿನ ಗೋಡೆಯ ಬುಡ, ನಡುವಿನಿಂದ ಸ್ವಲ್ಪ ಎಡಕ್ಕೆ.

ಇಷ್ಟಾದ ಮೇಲೆ ಮೈಕ್ ಕ್ಯಾಲಿಬ್ರೇಷನ್. ಅಂದರೆ ರಿಸೀವರ್ ಒಂದೊಂದು ಸ್ಪೀಕರ್‌ನಿಂದ ಪರೀಕ್ಷೆಯ ಸದ್ದು ಹೊರಡಿಸಿ, ಮೈಕ್‌ನಲ್ಲಿ ಕೇಳಿ, ತಾನೇ ಸೆಟ್ಟಿಂಗ್ ಹೊಂದಿಸಿಕೊಳ್ಳುವುದು. ಆಡಿಸ್ಸಿ, ಡಿರಾಕ್ ಹೀಗೆ ಬೇರೆ ಬೇರೆ ಹೆಸರಿನಲ್ಲಿ ಇದು ಇರುತ್ತದೆ. ಜಾಗಗಳನ್ನೆಲ್ಲ ಸರಿ ಮಾಡಿದ ಮೇಲೇ ಇದನ್ನು ಮಾಡಬೇಕು. ಮೊದಲ ದಿನ ನಾನು ಮೈಕನ್ನು ಸೋಫಾದ ದಿಂಬಿನ ಮೇಲೆ ಇಟ್ಟು, ಫ್ಯಾನ್ ಓಡುತ್ತಿರುವಾಗಲೇ, ಒಂದೇ ಜಾಗದಲ್ಲಿ ಅಳತೆ ಮಾಡಿ ಮುಗಿಸಿದ್ದೆ. ಎರಡನೇ ಸಲ ಕ್ಯಾಮೆರಾದ ಟ್ರೈಪಾಡ್ ತಂದೆ. ಮೈಕ್ ಕಿವಿಯ ಎತ್ತರಕ್ಕೆ, ಸೋಫಾದ ಬೆನ್ನಿಗೆ ತಾಗದಂತೆ ಸ್ವಲ್ಪ ಮುಂದಕ್ಕೆ. ಫ್ಯಾನ್, ಫ್ರಿಡ್ಜ್ ಎಲ್ಲ ಆಫ್. ನಡುವಿನ ಸೀಟಿನಿಂದ ಶುರು ಮಾಡಿ ಸುತ್ತ ಒಟ್ಟು ಎಂಟು ಕಡೆ. ಅರ್ಧ ಗಂಟೆ ಹಿಡಿಯಿತು. ಮನೆಯವರು ಅಷ್ಟು ಹೊತ್ತು ಸದ್ದಿಲ್ಲದೆ ಕೂತರು, ಅದು ದೊಡ್ಡ ಸಹಾಯ.

ಫಲಿತಾಂಶವನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಒಂದೊಂದೂ ನೋಡಿ. ನನ್ನದು ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಅಂತ ಗುರುತು ಹಾಕಿತ್ತು. ಅಂದರೆ ಬಾಸ್ ಪೂರ್ತಿ ಆ ಸ್ಪೀಕರ್‌ಗಳಿಗೇ ಹೋಗುತ್ತದೆ, ಸಬ್‌ಗೆ ಬಹುತೇಕ ಎಲ್ಎಫ್ಇ (ಸಿನಿಮಾದಲ್ಲೇ ಬೇರೆಯಾಗಿ ಇರುವ ಬಾಸ್ ಚಾನೆಲ್) ಮಾತ್ರ. ಅದನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್ 80 ಹರ್ಟ್ಜ್ ಇಟ್ಟೆ, ಅಂದರೆ ಅದಕ್ಕಿಂತ ಕೆಳಗಿನ ಸ್ವರ ಸಬ್‌ಗೆ. ಸ್ಪೀಕರ್‌ಗೂ ಆಂಪ್ಲಿಫೈಯರ್‌ಗೂ ಭಾರ ಇಳಿಯಿತು. 'ಸ್ಮಾಲ್' ಅನ್ನುವ ಪದ ನೋಡಿ ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಕಿಲ್ಲ, ಅದು ಡಬ್ಬದ ಗಾತ್ರದ ಮಾತಲ್ಲ. ಇನ್ನೊಂದು: ಸಬ್‌ನ ದೂರ 4.6 ಮೀಟರ್ ಅಂತ ತೋರಿಸಿತು, ಟೇಪ್ ಹಿಡಿದರೆ 3.1. ತಪ್ಪು ಅಂತ ತಿದ್ದಲು ಹೋಗಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ. ಆ ತಡವನ್ನೇ ರಿಸೀವರ್ ದೂರ ಅಂತ ಬರೆದುಕೊಳ್ಳುತ್ತದೆ. ಎಡ ಸರೌಂಡ್‌ಗೆ (ಹಿಂಬದಿಯ ಸ್ಪೀಕರ್) ಫೇಸ್ ಎಚ್ಚರಿಕೆ ಬಂತು, ಅಂದರೆ ವೈರ್ ತಿರುಗುಮುರುಗು ಇರಬಹುದು ಅಂತ. ಹಿಂದೆ ಹೋಗಿ ನೋಡಿದರೆ ನಿಜಕ್ಕೂ ಪ್ಲಸ್, ಮೈನಸ್ ಅದಲು ಬದಲಾಗಿತ್ತು.

ವಾಲ್ಯೂಮ್ ಮೈನಸ್‌ನಲ್ಲಿ ಯಾಕೆ ತೋರಿಸುತ್ತದೆ ಅಂತ ನನಗೂ ಗೊಂದಲ ಇತ್ತು. ಕ್ಯಾಲಿಬ್ರೇಷನ್ ಆದ ಮೇಲೆ 0 ಅಂದರೆ ಸಿನಿಮಾ ಮಿಕ್ಸ್ ಮಾಡುವ ಕೋಣೆಯ ಮಟ್ಟ. ಅಲ್ಲಿ ಒಂದೊಂದು ಚಾನೆಲ್‌ನ ಗರಿಷ್ಠ ಸದ್ದು 105 ಡೆಸಿಬೆಲ್ ಮುಟ್ಟುತ್ತದೆ. ಮನೆಯಲ್ಲಿ ಅಷ್ಟು ಬೇಡವೇ ಬೇಡ. ನಾವು ಮೈನಸ್ 20ರಿಂದ ಮೈನಸ್ 25ರಲ್ಲಿ ನೋಡುತ್ತೇವೆ. ಸದ್ದು ಇಳಿಸಿದಾಗ ನಮ್ಮ ಕಿವಿಗೆ ಬಾಸ್ ಬೇಗ ಮಾಯವಾಗುತ್ತದೆ. ಅದನ್ನು ತುಂಬಿಕೊಡುವ ಸೆಟ್ಟಿಂಗ್ ನನ್ನದರಲ್ಲಿದೆ. ಸಿನಿಮಾಗೆ ಚೆನ್ನ. ವಾರ್ತೆ, ಸೀರಿಯಲ್‌ಗೆ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ವಾರ್ತೆ ಓದುವವರ ಗಂಟಲು ಬಾವಿಯಾಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಡೈನಾಮಿಕ್ ರೇಂಜ್ ಕಂಪ್ರೆಷನ್ ಆನ್. ಪಿಸುಮಾತು ಮೇಲೇರುತ್ತದೆ, ಗುಂಡಿನ ಸದ್ದು ಕೆಳಗಿಳಿಯುತ್ತದೆ. ಮಗು ಮಲಗಿರುವ ಮನೆಗೆ ಇದು ಬಹಳ ಒಳ್ಳೆಯದು.

ಎಚ್‌ಡಿಎಂಐ ಬಗ್ಗೆ ಎರಡೇ ಮಾತು. ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸ್ ಕಳಿಸುವ ದಾರಿಗೆ ಎಆರ್‌ಸಿ ಅನ್ನುತ್ತಾರೆ. ನನ್ನ ಟಿವಿಯಲ್ಲಿ ಇರುವುದು ಬರೀ ಅದು, ಅದಕ್ಕಿಂತ ಹೆಚ್ಚು ಹೊರಬಲ್ಲ ಇಎಆರ್‌ಸಿ ಅಲ್ಲ. ಹಾಗಾಗಿ ಡಿಸ್ಕ್ ಪ್ಲೇಯರನ್ನು ಟಿವಿಗೆ ಕೊಟ್ಟರೆ ಡಿಸ್ಕ್‌ನ ಪೂರ್ತಿ ಗುಣಮಟ್ಟದ ಸದ್ದು, ಡಾಲ್ಬಿ ಟ್ರೂಎಚ್‌ಡಿ, ರಿಸೀವರ್ ತನಕ ಬರುವುದೇ ಇಲ್ಲ. ಪ್ಲೇಯರ್ ನೇರ ರಿಸೀವರ್‌ಗೆ ಹಾಕಿದೆ. ಚಿತ್ರ ಆಗಾಗ ಕಪ್ಪಾಗುತ್ತಿದ್ದದ್ದು 5 ಮೀಟರ್‌ನ ಕೇಬಲ್ ತೆಗೆದು 2 ಮೀಟರ್‌ನದ್ದು ಹಾಕಿದ ಮೇಲೆ ನಿಂತಿತು.

ಎರಡನೇ ವರ್ಷ ಒಂದು ಹೆದರಿಕೆ. ಸದ್ದು ಸ್ವಲ್ಪ ಏರಿಸಿದರೆ ಸಾಕು, ಟಕ್ ಅಂತ ರಿಸೀವರ್ ಆಫ್. ಕೆಂಪು ದೀಪ ಮಿಣುಕು. ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿದರೆ ನೋಡದೆಯೇ ಬೋರ್ಡ್ ಹೋಗಿದೆ ಅಂದರು. ಕೊಡುವ ಮೊದಲು ಎಲ್ಲ ಸ್ಪೀಕರ್ ವೈರ್ ಬಿಚ್ಚಿ ಆನ್ ಮಾಡಿದೆ. ಆಫ್ ಆಗಲಿಲ್ಲ. ಪ್ರತಿ ಸಲವೂ ಪ್ಲಗ್ ತೆಗೆದು, ಒಂದೊಂದೇ ವೈರ್ ಸೇರಿಸುತ್ತಾ ಬಂದೆ. ಬಲ ಸರೌಂಡ್ ಸೇರಿಸಿದಾಗ ಮತ್ತೆ ಟಕ್. ಟಾರ್ಚ್ ಬಿಟ್ಟು ನೋಡಿದರೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗುತ್ತಿತ್ತು. ರಿಸೀವರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು, ಅಷ್ಟೇ. ಅವತ್ತೇ ಎಲ್ಲ ವೈರ್ ತುದಿಗೂ ಬನಾನಾ ಪ್ಲಗ್ ಹಾಕಿದೆ. ಮುಚ್ಚಿದ ಖಾನೆಯಿಂದ ರಿಸೀವರನ್ನು ಹೊರಗೂ ತಂದೆ, ಮೇಲೆ ಒಂದು ಗೇಣು ಖಾಲಿ ಬಿಟ್ಟೆ. ಬಿಸಿ ಮೇಲಕ್ಕೆ ಹೋಗಬೇಕಲ್ವಾ.

ಇನ್ನೊಂದು ಸಲ ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್ ಎಲ್ಲ ಅಳಿಸಿಹೋಯಿತು. ಅಲ್ಲಿಂದೀಚೆಗೆ ಮೆನುವಿನ ಪ್ರತಿ ಪುಟದ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ರಿಸೀವರ್‌ನ ಏಳು ಚಾನೆಲ್‌ನಲ್ಲಿ ಎರಡು ಇನ್ನೂ ಖಾಲಿ. ಬೈ-ಆಂಪ್ ಮಾಡಿ, ಅಂದರೆ ಮುಂದಿನ ಒಂದೊಂದು ಸ್ಪೀಕರ್‌ಗೆ ಎರಡೆರಡು ಚಾನೆಲ್ ಕೊಟ್ಟು ನೋಡಿದೆ, ವ್ಯತ್ಯಾಸ ಕೇಳಿಸಲಿಲ್ಲ. ಛಾವಣಿಗೆ ಅಟ್ಮಾಸ್ (ತಲೆಯ ಮೇಲಿಂದ ಬರುವ ಸದ್ದಿನ) ಸ್ಪೀಕರ್ ಹಾಕಬಹುದು, ಆದರೆ ಅದಕ್ಕೂ ಮೊದಲು ನನಗೆ ಬೇಕಿರುವುದು ಎರಡನೇ ಸಬ್. ರಿಸೀವರ್ ಹಿಂದೆ ಸಬ್‌ಗೆ ಎರಡು ಸಾಕೆಟ್ ಇವೆ. ಎರಡರಲ್ಲೂ ಒಂದೇ ಸಿಗ್ನಲ್ ಬರುತ್ತದೆ, ನನ್ನ ಕೆಲಸಕ್ಕೆ ಅಷ್ಟು ಸಾಕು. ಒಂದು ಮುಂದಿನ ಗೋಡೆಯ ನಡುವೆ, ಇನ್ನೊಂದು ಹಿಂದಿನ ಗೋಡೆಯ ನಡುವೆ ಇಟ್ಟರೆ ಆ 40 ಹರ್ಟ್ಜ್ ಅಲೆಯನ್ನು ಒಂದು ಏಳಿಸುವಾಗ ಇನ್ನೊಂದು ತಗ್ಗಿಸುತ್ತದೆ. ಆಗ ಸೋಫಾದ ಮೂರೂ ಸೀಟಿಗೆ, ಹಿಂದೆ ಕುರ್ಚಿ ಹಾಕಿ ಕೂರುವವರಿಗೂ, ಬಾಸ್ ಹೆಚ್ಚುಕಮ್ಮಿ ಒಂದೇ ಹದಕ್ಕೆ ಬರಬೇಕು. ಹಿಂದಿನ ಗೋಡೆಯವರೆಗೆ ಕೇಬಲ್ ಹೋದ ತಿಂಗಳೇ ಎಳೆದಿಟ್ಟಿದ್ದೇನೆ.