ಮೊಣಕಾಲು ನೀರಲ್ಲಿ ವೈಟಿಂಗ್ ಹಿಡಿಯೋದು

ವೈಟಿಂಗ್ ಅಂದ್ರೆ ನಮ್ಮ ಕಾಣೆ ಮೀನಿನ ಬಳಗ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ಬೇಸಿಗೆ ಬಂದರೆ ನಾನು ಇದರ ಹಿಂದೆಯೇ ಇರುತ್ತೇನೆ.

ಭರತ ಏರುವಾಗ ಮರಳು ದಿಬ್ಬದ ಮೇಲೆ ಇಳಿಯಿರಿ. ಮೊಣಕಾಲು ಮುಳುಗುವಷ್ಟು ನೀರು ಸಾಕು. ಕಾಲು ಎತ್ತಿ ಇಡಬೇಡಿ, ಮರಳಲ್ಲಿ ಉಜ್ಜುತ್ತಾ ನಡೆಯಿರಿ. ತೊರಕೆ ಮೀನು ಅಡಗಿದ್ದರೆ ಸರಿದುಹೋಗುತ್ತದೆ. ಸಣ್ಣ ಗಾಳಿಗೆ ನೀರು ಸುಕ್ಕುಗಟ್ಟಿದ್ದರೆ ಇನ್ನೂ ಒಳ್ಳೆಯದು, ಮೀನಿಗೆ ಅನುಮಾನ ಕಡಿಮೆ.

ಐದಾರು ಸೆಂಟಿಮೀಟರ್‌ನ ಪಾಪರ್ (ನೀರ ಮೇಲೆ ಚಿಮ್ಮುತ್ತಾ ಬರುವ ಕೃತಕ ಎರೆ), ಅದಕ್ಕೆ ಕಟ್ಟಲು ನಾಲ್ಕರಿಂದ ಆರು ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಲೀಡರ್, ಅಂದ್ರೆ ದಾರದ ತುದಿಯ ತೆಳು ಎಳೆ. ದೂರ ಎಸೆದು, ಕೋಲಿನ ತುದಿ ಕುಣಿಸುತ್ತಾ ರೀಲ್ ಸುತ್ತುತ್ತಲೇ ಇರಿ. ಹೆದರಿ ಓಡುವ ಸೀಗಡಿ ಹಾಗೆ ಕಾಣಬೇಕು, ಅಲ್ವಾ? ಹಿಂದೆ ನೀರು ಉಬ್ಬಿ ವಿ ಆಕಾರದ ಅಲೆ ಬಂದರೆ ನಿಲ್ಲಿಸಲೇಬೇಡಿ! ಬ್ರೀಮ್ ಅನ್ನೋ ಮೀನಿಗಾದರೆ ನಿಲ್ಲಿಸಬೇಕು, ವೈಟಿಂಗ್‌ಗೆ ನಿಲ್ಲಿಸಿದರೆ ತಿರುಗಿ ಹೋಗುತ್ತದೆ. ಎಷ್ಟೋ ಮೀನು ನಾನು ಹೀಗೇ ಕಳೆದುಕೊಂಡಿದ್ದೇನೆ. ನೀರು ಚಿಮ್ಮಿದ ಕೂಡಲೇ ಎಳೆಯಬೇಡಿ, ಭಾರ ಕೈಗೆ ಸಿಗುವವರೆಗೆ ಸುತ್ತುತ್ತಿರಿ. ಬಾಯಿ ಚಿಕ್ಕದು, ಹಾಗಾಗಿ ಗಾಳ ಸಣ್ಣದು, ಚೂಪಾದದ್ದು ಇರಲಿ.

ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಯಾಂಡ್ ವೈಟಿಂಗ್ 27 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಬಿಡಲೇಬೇಕು. ಒದ್ದೆ ಕೈಯಲ್ಲಿ ಹಿಡಿದು, ನೀರೊಳಗೇ ಗಾಳ ಬಿಡಿಸಿ.